ಮಲಗಿದರೂ ಬಿಡದ ನೋವು

ನಮ್ಮಣ್ಣ ನೆಲಕ್ಕೆ ಟೈಲ್ಸ್ ಹಾಕುವವನು. ಇಪ್ಪತ್ತೆರಡು ವರ್ಷ ಮಂಡಿಯೂರಿ, ಬೆನ್ನು ಬಗ್ಗಿಸಿ ಕಂಡವರ ಮನೆಗಳನ್ನೆಲ್ಲ ಫಳಫಳ ಹೊಳೆಸಿದ. ಅವನ ಸ್ವಂತ ಅಡುಗೆಮನೆಯ ನೆಲ ಮಾತ್ರ ಇನ್ನೂ ಸಿಮೆಂಟಿನದೇ. ನಾನು ಫಿಸಿಯೋಥೆರಪಿ ಮಾಡುವವಳು. ಬೆನ್ನು ನೋವೆಂದು ಬಂದವರು ಬಾಗಿಲು ದಾಟುವಷ್ಟರಲ್ಲೇ ಅವರ ನೋವಿನ ಜಾತಕ ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು. ಈಗ ಇಲ್ಲ.

ಅಣ್ಣನಿಗೆ ನೋವು ಶುರುವಾದಾಗ ನಾನು ನಕ್ಕುಬಿಟ್ಟೆ. ಅಂಥ ಕೆಲಸ ಮಾಡುವವರಿಗೆ ಬೆನ್ನು ನೋವು ಬರದೆ ಇನ್ಯಾರಿಗೆ ಬರಬೇಕು? ನನ್ನ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿಸಿ ಶಾಖ ಕೊಟ್ಟೆ, ವ್ಯಾಯಾಮ ಮಾಡಿಸಿದೆ. ಕಾಲೆತ್ತುವಾಗ ಹಲ್ಲು ಕಚ್ಚಿಕೊಂಡು ಒದ್ದಾಡುತ್ತಿದ್ದ. ಅದಕ್ಕೆ ಎಲ್ಲ ರೋಗಿಗಳಿಗೂ ಹೇಳುವುದನ್ನೇ ಅವನಿಗೂ ಹೇಳಿದೆ: ಬರುವುದಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ನುಂಗಿ ಬಾ, ಮೈ ಸಡಿಲವಾಗುತ್ತೆ. ಹುಟ್ಟಿದಾಗಿನಿಂದ ನನ್ನ ಮಾತಿಗೆ ಕಿವಿಗೊಡದ ಮನುಷ್ಯ ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದ.

ಎರಡನೇ ವಾರ ಅತ್ತಿಗೆಯೂ ಜೊತೆಗೆ ಬಂದರು. ಮಲಗಿದರೂ ನೋವು ಬಿಡುತ್ತಿಲ್ಲ, ಬೆಳಿಗ್ಗೆ ನೋಡಿದರೆ ಹಾಸಿಗೆಯೆಲ್ಲ ಬೆವರಿನಿಂದ ಒದ್ದೆ, ಊಟ ಸೇರುತ್ತಿಲ್ಲ ಎಂದರು. ನಾನು ಥರ್ಮಾಮೀಟರ್ ಇಟ್ಟು ನೋಡಿದೆ. ಜ್ವರ ಇರಲಿಲ್ಲ. ನೀವು ಮುದ್ದು ಮಾಡಿ ಮಾಡಿ ಕೆಡಿಸಿದ್ದೀರಿ ಅಂತ, ಇನ್ನೂ ಏನೋ ಹೇಳಹೊರಟಿದ್ದ ಅತ್ತಿಗೆಯನ್ನೇ ಗೇಲಿ ಮಾಡಿ ಕಳಿಸಿದೆ.

ಅವತ್ತೇ ಅವನ ಮಂಡಿಯ ಮೇಲೆ ಹೊಸ ಗಾಯದ ಕಲೆ ಕಂಡಿದ್ದೆ. ತಿಂಗಳ ಹಿಂದೆ ಟೈಲ್ಸಿನ ಚೂರು ಹೊಕ್ಕು ಕೀವಾಗಿತ್ತಂತೆ. ಬೆನ್ನುಮೂಳೆಯ ಒಂದು ಜಾಗವನ್ನು ಬೆರಳಿನಿಂದ ತಟ್ಟಿದಾಗ ಅಣ್ಣ ಮಂಚದಿಂದ ಅರ್ಧ ಎದ್ದೇಬಿಟ್ಟಿದ್ದ. ವಿಶ್ರಾಂತಿಗೆ ಬಗ್ಗದ ನೋವು, ಒಂದೇ ಮೂಳೆಯ ಮೇಲೆ ನೋವು, ಮೈಯಲ್ಲಿ ಎಲ್ಲೋ ಆಗಿದ್ದ ಕೀವು. ಇಂಥವರಿಗೆ ವ್ಯಾಯಾಮ ಮಾಡಿಸಬಾರದು, ಮೊದಲು ಡಾಕ್ಟರ ಹತ್ತಿರ ಕಳಿಸಬೇಕು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೆ ಜ್ವರ ಇರಲಿಲ್ಲವಲ್ಲ. ಅದೊಂದನ್ನೇ ನೆಚ್ಚಿಕೊಂಡು ಇನ್ನೂ ಎರಡು ವಾರ ಅವನನ್ನು ಬಗ್ಗಿಸಿದೆ, ಎಬ್ಬಿಸಿದೆ, ಮೈಗಳ್ಳ ಎಂದು ರೇಗಿಸಿದೆ.

ಒಂದು ಗುರುವಾರ ಬೆಳಿಗ್ಗೆ ಅಣ್ಣ ಬಚ್ಚಲುಮನೆಯಲ್ಲಿ ಕುಸಿದ. ಎರಡು ಕಾಲೂ ಅವನ ಮಾತು ಕೇಳಲಿಲ್ಲ, ಮೂತ್ರ ಕಟ್ಟಿತ್ತು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಂಡಿಯ ಸೋಂಕು ರಕ್ತದಲ್ಲಿ ಹರಿದು ಬೆನ್ನುಮೂಳೆಯೊಳಗೆ ಮನೆ ಮಾಡಿತ್ತು. ಅಲ್ಲಿ ತುಂಬಿದ ಕೀವು ಬೆನ್ನುಹುರಿಯನ್ನು ಅದುಮಿತ್ತು. ಸರ್ಜನ್ ಬಂದು, ಜ್ವರ ಬರುತ್ತಿತ್ತೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ನಾನೇ ಮುಂದೆ ಬಿದ್ದು ಹೇಳಿದೆ.

ಅತ್ತಿಗೆ ನನ್ನ ಕಡೆ ನೋಡದೆ ಹೇಳಿದರು. "ಮಾತ್ರೆ ನುಂಗೋಕೆ ಮುಂಚೆ ಮೈ ಕೆಂಡದ ಹಾಗೆ ಸುಡ್ತಿತ್ತು ಡಾಕ್ಟ್ರೇ. ನುಂಗಿದ ಮೇಲೆ ಇಳೀತಿತ್ತು. ಆಮೇಲೇ ಇವಳ ಹತ್ರ ಹೋಗ್ತಿದ್ರು."

ಜ್ವರವನ್ನು ಬಚ್ಚಿಟ್ಟವಳೂ ನಾನೇ, ಜ್ವರ ಇಲ್ಲ ಎಂದು ಸಾರಿದವಳೂ ನಾನೇ. ನನ್ನ ಕೆಲಸ ಏನೆಂದು ಸರ್ಜನ್ ವಿಚಾರಿಸಿದರು. ಹೇಳಿದೆ. ಅವರು ಸ್ಕ್ಯಾನಿನ ಫಿಲ್ಮನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು.

"ಎರಡು ವಾರ ಮುಂಚೆ ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಮಾಡಿಸಿದ್ರೆ ಸಿಕ್ಕಿಬಿಡ್ತಿತ್ತು. ಬರೀ ಔಷಧೀಲೇ ವಾಸಿ ಆಗ್ಬಹುದಿತ್ತು," ಎಂದರು. ಬಾಯಿಗೆ ಬಂದಂತೆ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಪರೇಷನ್ ಮಾಡಿ ಕೀವು ತೆಗೆದರು, ಆರು ವಾರ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು. ಜೀವ ಉಳಿಯಿತು. ಕಾಲುಗಳ ಬಗ್ಗೆ ಕೇಳಿದರೆ ಕಾದು ನೋಡೋಣ ಅಂದರು. ಅತ್ತಿಗೆ ಒಂದು ದಿನವೂ ನನ್ನನ್ನು ದೂರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ, ಊಟದ ಚೀಲವನ್ನು ನಡುವೆ ಇಡುತ್ತಾರೆ.

ಆಪರೇಷನ್ ಆಗಿ ಈಗ ಹನ್ನೊಂದನೇ ವಾರ. ದಿನಾ ಮಧ್ಯಾಹ್ನ ನಾನೇ ವಾರ್ಡಿಗೆ ಹೋಗಿ ಅವನ ಕಾಲುಗಳ ಸ್ಪರ್ಶ ಪರೀಕ್ಷಿಸುತ್ತೇನೆ. ಅವನು ಕಣ್ಣು ಮುಚ್ಚಿಕೊಳ್ಳಬೇಕು, ನಾನು ಹತ್ತಿಯಿಂದ ಮುಟ್ಟಿದ್ದೆಲ್ಲಿ ಎಂದು ಹೇಳಬೇಕು. ಇಷ್ಟು ದಿನವೂ ಅವನು ತಲೆಯಾಡಿಸಿ ಇಲ್ಲ ಎಂದಿದ್ದ. ನಿನ್ನೆ ಅವನು ಕಣ್ಣು ಮುಚ್ಚಿದ ಮೇಲೆ ನನಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತ ನಿಂತೆ.

"ಎಡಗಾಲು, ಹೆಬ್ಬೆರಳು," ಎಂದ ಅಣ್ಣ. "ಗೊತ್ತಾಗ್ತಿದೆ ಕಣೇ. ಚೆನ್ನಾಗೇ ಗೊತ್ತಾಗ್ತಿದೆ."

ನಾನು ಅವನನ್ನು ಇನ್ನೂ ಮುಟ್ಟೇ ಇರಲಿಲ್ಲ.