ಮೀನು ಬರೆದಿಟ್ಟ ಪರದೆ

"ಬಾಯಿಗೇನು ಬೀಗ ಜಡ್ಕೊಂಡಿದೀಯೇನೇ ಮುಂಡೇದೆ? ಇಡೀ ಫೋಲ್ಡರ್ ನುಂಗಿ ನೀರು ಕುಡಿದು ಈಗ ಪಿಳಿಪಿಳಿ ಕಣ್ಣು ಬಿಡ್ತೀಯ?"

ನಮ್ಮಲ್ಲೆಲ್ಲ ಹಿರಿಯಳು, ನಾವು ದೊಡ್ಡಕ್ಕ ಎನ್ನುವವಳು, ಅವನೆದುರು ನಿಂತೇ ಇದ್ದಳು. ಕಕ್ಕಸಿನ ಬೀಗದ ಕೈ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಬೈಯುತ್ತಿದ್ದವನು ನಮ್ಮ ಸೂಪರ್‌ವೈಸರ್. ಗಾಜಿನ ಗೋಡೆಯ ಕೋಣೆಯೊಳಗೆ ಕೂತು ನಮ್ಮ ಬೆನ್ನು ಕಾಯುವುದರಿಂದ ನಾವಿಟ್ಟ ಹೆಸರು ಗಾಜುರೂಮು.

ನಾವು ಟೈಪು ಮಾಡುವ ಹೆಂಗಸರು. ದೂರದಲ್ಲೆಲ್ಲೋ ಇರುವ ಸರ್ವರಿನೊಳಗೆ ಹೊಕ್ಕು, ಮುಖ ನೋಡದ ರೋಗಿಗಳ ವಿವರ ತುಂಬುತ್ತೇವೆ. ಒಳಗೆ ಹೋಗಲು ಎಲ್ಲರಿಗೂ ಒಂದೇ ಹೆಸರು, ‘ಆಪರೇಟರ್’. ಸೇರಿದ ಹೊಸದರಲ್ಲಿ, ನನ್ನ ಹೆಸರಲ್ಲೇ ಒಂದು ಲಾಗಿನ್ ಸಿಗುತ್ತದೆಯೇ ಎಂದು ಧೈರ್ಯ ಮಾಡಿ ಕೇಳಿದ್ದೆ. "ನಿಂಗೇನು ತೊಟ್ಟಿಲು ಕಟ್ಟಿ ಹೆಸರಿಡ್ಬೇಕಾ?" ಎಂದು ಗಾಜುರೂಮು ನಕ್ಕಿದ್ದ. ಆಮೇಲೆ ನಾನು ಏನನ್ನೂ ಕೇಳಲಿಲ್ಲ.

ಹೆಸರು ಒಂದೇ ಆದರೂ ಒಳಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಸೆಷನ್, ಅಂದರೆ ಅವಳವಳದೇ ಕೆಲಸದ ಪರದೆ, ತೆರೆದುಕೊಳ್ಳುತ್ತದೆ. ಅದನ್ನು ನಾವು ಮನೆ ಎನ್ನುತ್ತಿದ್ದೆವು. ಸ್ವಲ್ಪ ಹೊತ್ತು ಕೈಯಾಡಿಸದಿದ್ದರೆ ಲೈನು ತಾನಾಗಿ ಕಡಿಯುತ್ತದೆ. ಮನೆ ಮಾತ್ರ ಒಳಗೆ ಬಾಗಿಲು ತೆರೆದುಕೊಂಡೇ ಇರುತ್ತದೆ. ಆಗ ಅದೇ ಹೆಸರಿನಲ್ಲಿ ಮೊದಲು ಬಂದವರು ಆ ಮನೆಗೇ ಹೋಗಿ ಬೀಳುತ್ತಾರೆ. ಅದಕ್ಕೇ ಪ್ರತಿಯೊಬ್ಬಳೂ ಪರದೆಯ ಮೂಲೆಯಲ್ಲಿ ನೋಟ್‌ಪ್ಯಾಡ್ ತೆರೆದು ತನ್ನದೊಂದು ಗುರುತು ಹಾಕಿಟ್ಟಿರುತ್ತಾಳೆ. ದೊಡ್ಡಕ್ಕನದು ಅಡ್ಡಗೆರೆ, ಕಂಸಗಳನ್ನು ಜೋಡಿಸಿ ಮಾಡಿದ ಮೀನು. ನನ್ನದು ಒಂದು ಚುಕ್ಕೆ.

"ಚುಕ್ಕೆ ಇಡೋಕೂ ನಾಚ್ಕೋತೀಯಲ್ಲೇ" ಎಂದು ಅವಳು ನನ್ನನ್ನು ಛೇಡಿಸುತ್ತಿದ್ದಳು. ಯಾರಾದರೂ ತಪ್ಪಿ ಅವಳ ಮನೆಗೆ ಬಿದ್ದರೆ, "ಅಕ್ಕಾ, ನಿನ್ನ ಮೀನು ನನ್ನೇ ನೋಡ್ತಿದೆ!" ಎಂದು ಕೂಗುತ್ತಿದ್ದರು.

"ಬಂದೋಳು ಬಂದೆ, ಕಸ ಗುಡಿಸಿ ಹೋಗೇ" ಎನ್ನುತ್ತಿದ್ದಳು ದೊಡ್ಡಕ್ಕ.

ಕಕ್ಕಸಿನ ಬೀಗದ ಕೈ ಗಾಜುರೂಮಿನ ಕುರ್ಚಿಯ ಹಿಂದೆ ನೇತಾಡುತ್ತದೆ. ಆವತ್ತು ದೊಡ್ಡಕ್ಕ ಕೇಳಲು ಹೋದಾಗ ಅವನು ಫೋನಿನಲ್ಲಿದ್ದ. ಅವಳನ್ನು ನಿಲ್ಲಿಸಿಕೊಂಡೇ ಮಾತು ಮುಗಿಸಿದ. "ಎಷ್ಟು ಸಲ ಹೋಗ್ತೀಯೆ? ಟ್ಯಾಂಕೇನಾದ್ರೂ ತೂತಾಗಿದ್ಯಾ?" ಎಂದು ಬೀಗದ ಕೈ ಎಸೆದ. ಅಷ್ಟರಲ್ಲಿ ಅವಳ ಲೈನು ಕಡಿದಿತ್ತು.

ಅವಳು ಅತ್ತ ಹೋದಳು. ಇತ್ತ ಅವನು ಏನೋ ನೋಡಲೆಂದು ಸರ್ವರಿಗೆ ಬಂದ, ನಮ್ಮದೇ ಹೆಸರಿನಲ್ಲಿ.

"ಥೂ, ಯಾವಳೇ ಇದು ಮೂಲೇಲಿ ಮೀನು ಬರೆದಿಟ್ಟಿರೋಳು? ಏನು ಕಸ ತುಂಬ್ಕೊಂಡು ಕೂತಿದಾಳೆ!"

ಗಾಜಿನ ಬಾಗಿಲು ತೆರೆದಿತ್ತು, ಎಲ್ಲರಿಗೂ ಕೇಳಿಸಿತು. ಕಸ ಎಂದಿದ್ದಕ್ಕೆ ನಾವು ನಕ್ಕೆವು ಕೂಡ. ಅವನು ಗುಡಿಸಿ ಅಳಿಸಿಹಾಕಿ ಹೊರಬಂದದ್ದು ದೊಡ್ಡಕ್ಕ ದಿನಗಟ್ಟಲೆ ಕೂತು ತುಂಬಿದ್ದ ಕೆಲಸ ಎಂದು, ಅವಳು ವಾಪಸ್ಸು ಬಂದು ತನ್ನ ಮನೆ ತೆರೆದು "ಅಯ್ಯೋ" ಎಂದಾಗ ಗೊತ್ತಾಯಿತು.

"ನಾನು ಸೀಟಲ್ಲೇ ಇರ್ಲಿಲ್ಲ ಸಾರ್" ಎಂದಳು ದೊಡ್ಡಕ್ಕ, ಅವನ ಬೈಗುಳ ಮುಗಿದ ಮೇಲೆ. "ಬೀಗದ ಕೈ ನಿಮ್ಮ ಕೈಯಿಂದಾನೇ ತಗೊಂಡು ಹೋದೆ."

"ಸರ್ವರ್ ಏನು ಹೇಳುತ್ತೆ ನೋಡೇ. ಅಳಿಸಿದ್ದು ಆಪರೇಟರ್. ಆಪರೇಟರ್ ನೀನೋ ನಾನೋ?"

"ಮೀನು ನೋಡ್ದೆ ಅಂತ ನೀವೇ ಅಂದ್ರಂತೆ..."

"ಬಾಯ್ಮುಚ್ಚೆ! ನಡಿ ಆಚೆ."

ಅವಳ ದನಿ ಕುಸಿಯಿತು. "ಕೆಲಸ ಒಂದು ಕಿತ್ಕೋಬೇಡಿ ಸಾರ್. ಬಾಡಿಗೆ ಕಟ್ಟೋಕಾಗ್ದೆ ಕೋಣೆ ಬಿಟ್ರೆ ಮಗಳನ್ನ ಕಟ್ಕೊಂಡು ಮತ್ತೆ ಆ ಗಂಡನ ಹತ್ರಾನೇ ಹೋಗ್ಬೇಕು." ಅವಳ ಹುಬ್ಬನ್ನು ಸೀಳಿದ ಹಳೆಯ ಗಾಯ ನಮಗೆಲ್ಲ ಗೊತ್ತಿತ್ತು.

"ಹೋಗು. ನಾಲ್ಕು ಬಿದ್ರೆ ಬುದ್ಧಿನಾದ್ರೂ ಬರುತ್ತೆ."

ಬೀಗದ ಕೈಯನ್ನು ಅವನ ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು. ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ನಮ್ಮ ಕಡೆ ನೋಡಲಿಲ್ಲ.

"ಏಯ್ ಡಿಗ್ರಿ, ಬಾ ಇಲ್ಲಿ" ಎಂದು ನನ್ನನ್ನು ಕರೆದ. ಡಿಗ್ರಿ ಓದಿದವಳೆಂದು ಅವನು ನನಗಿಟ್ಟ ಹೆಸರು ಅದು. ತನ್ನ ಪಕ್ಕದ ಕಂಪ್ಯೂಟರಿಗೆ ಕೂರಿಸಿ, ಸರ್ವರಿನೊಳಗೆ ಯಾರ್ಯಾರಿದ್ದಾರೆಂದು ತೋರಿಸುವ ಪಟ್ಟಿ ತೆರೆದುಕೊಟ್ಟ. "ಅವಳದ್ಯಾವ್ದು ನೋಡಿ ಕಿತ್ತಾಕು. ಒಂದು ಬಿಟ್ಟು ಇನ್ನೊಂದು ಕೀಳ್ಬೇಡ, ಕೈ ಮುರೀತೀನಿ."

ದೊಡ್ಡಕ್ಕನ ಲೈನು ಇನ್ನೂ ಕಡಿದಿರಲಿಲ್ಲ; ತಾನು ಅದೇ ಹೆಸರಿನಲ್ಲಿ ಹೊಸದೊಂದು ಸೆಷನ್ ತೆರೆದು, ಮೇಲಿನ ಸಾಹೇಬರಿಗೆ ದೂರು ಬರೆಯತೊಡಗಿದ. ಬರೆಯುತ್ತ ಬರೆಯುತ್ತ ತುಟಿಯಲ್ಲೇ ಓದಿಕೊಳ್ಳುತ್ತಿದ್ದ: "ಸದರಿ ಹೆಂಗಸು... ಬೇಕೆಂದೇ..."

ಪಟ್ಟಿಯ ಉದ್ದಕ್ಕೂ ಆಪರೇಟರ್, ಆಪರೇಟರ್, ಆಪರೇಟರ್. ಒಂದೊಂದರೊಳಗೂ ಇಣುಕಿದೆ. ಒಂದು ಹೂವು. ಒಂದು ಏಣಿ. ನನ್ನ ಚುಕ್ಕೆ. ಆಮೇಲೆ ಮೀನು, ಅದರ ಬಾಲದ ಪಕ್ಕ ಕರ್ಸರ್ ಮಿಟುಕುತ್ತ ಕಾಯುತ್ತಿತ್ತು. ಕೊನೆಯದರಲ್ಲಿ ಗುರುತೇ ಇರಲಿಲ್ಲ. ಅಕ್ಷರಗಳು ಒಂದರ ಹಿಂದೊಂದು ಮೂಡುತ್ತಿದ್ದವು: ಬೇಜವಾಬ್ದಾರಿ...

ಅದನ್ನು ಕೀಳಲು ಹೊರಟಾಗ, ಉಳಿಸದೆ ಇರುವುದೆಲ್ಲ ಹೋಗುತ್ತದೆ, ಆಗಬಹುದೇ ಎಂದು ಸರ್ವರ್ ನನ್ನನ್ನು ಕೇಳಿತು. ಆಗಬಹುದು ಎಂದು ಒತ್ತಿದೆ.

ಅವನ ಪರದೆ ಆರಿತು.

"ಯಾವಳೇ ಅದು! ಯಾವಳೇ ನನ್ನ ಆಚೆ ಹಾಕಿದ್ದು?"

ನನ್ನ ದನಿ ನನಗೇ ಕೇಳದಷ್ಟು ಸಣ್ಣಗೆ ಬಂತು. ಎರಡನೆಯ ಸಲ ಹೇಳಬೇಕಾಯಿತು.

"ಆಪರೇಟರ್, ಸಾರ್."

ಹೊರಗೆ ಟೈಪಿನ ಸದ್ದು ನಿಂತಿತು. ದೊಡ್ಡಕ್ಕನ ಖಾಲಿ ಕುರ್ಚಿಯ ಮುಂದೆ ಅಷ್ಟರಲ್ಲಿ ಲೈನು ಕಡಿದು ಪರದೆ ಕಪ್ಪಾಗಿತ್ತು. ನನ್ನ ಎದುರಿನ ಪಟ್ಟಿಯಲ್ಲಿ ಅವಳ ಮನೆ ಇನ್ನೂ ತೆರೆದೇ ಇತ್ತು.