ತೊಳೆದ ಕಾಡುಹಣ್ಣು

ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಕಾಡುಹಣ್ಣಿನ ರಸ ಹಾಕಿದ್ದ ಜಾಗದ ಸುತ್ತ ಮಾತ್ರ ದೊಡ್ಡ ಉಂಗುರದಷ್ಟು ಬೋಳು. ಅಲ್ಲಿ ಒಂದು ರೋಗಾಣುವೂ ಉಳಿದಿರಲಿಲ್ಲ. ಸಂಶೋಧನೆಗೆ ಸೇರಿದಾಗಿನಿಂದ ಬರೀ ಸೋಲನ್ನೇ ಕಂಡಿದ್ದ ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರ್ಗದರ್ಶಕಿ ಮೇಡಂ ಹೊಗಳುವುದರಲ್ಲಿ ಬಲು ಜಿಪುಣಿ. ಅವರೂ ತಟ್ಟೆಯನ್ನು ಬೆಳಕಿಗೆ ಹಿಡಿದು, "ಸೋಮವಾರ ಸಮಿತಿ ಮುಂದೆ ಇದನ್ನೇ ಇಡು. ನಿನ್ನ ಫೆಲೋಶಿಪ್ ಉಳಿಯುತ್ತೆ," ಅಂದರು.

ಹಣ್ಣು ತರುತ್ತಿದ್ದವನು ಅವಳ ಅಪ್ಪ. ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗದೆ, ಗುಡ್ಡ ಹತ್ತಿ, ಮುಳ್ಳುಪೊದೆಗೆ ಕೈ ತೂರಿಸಿ ಕಪ್ಪು ಹಣ್ಣು ಬಿಡಿಸಿ ತರುತ್ತಿದ್ದ. ಸಿಹಿಸುದ್ದಿಯನ್ನು ಮೊದಲು ಅವನ ಕಿವಿಗೇ ಹಾಕಬೇಕೆಂದು ಅವಳು ಸಂಜೆ ನೇರ ಹಿತ್ತಿಲಿಗೆ ಹೋದಳು. ಅಪ್ಪ ಬಕೆಟ್ಟಿನಲ್ಲಿ ಹಣ್ಣು ನೆನೆಹಾಕುತ್ತಿದ್ದ. ಆಸ್ಪತ್ರೆಯ ವಾಸನೆ ಮೂಗಿಗೆ ಬಡಿಯಿತು.

"ಏನಪ್ಪ ಇದು, ನೀರಲ್ಲಿ?"

"ಗಾಯ ತೊಳೆಯೋ ಔಷಧಿ. ರಾತ್ರಿಯೆಲ್ಲ ನೆನೆಸಿಟ್ಟೇ ಕೊಡೋದು ನಾನು. ಲ್ಯಾಬಿಗೆ ಹೋಗೋ ಹಣ್ಣು, ಕೊಳಕು ಮೆತ್ಕೊಂಡು ಹೋದ್ರೆ ನನ್ನ ಮಗಳ ಮರ್ಯಾದೆ ಏನಾಗ್ಬೇಕು?"

ರೋಗಾಣುಗಳನ್ನು ಕೊಂದದ್ದು ಹಣ್ಣಲ್ಲ, ಅಪ್ಪನ ಬಕೆಟ್ಟು. ಸಿಟ್ಟು ಉಕ್ಕಿ ಬಂತು. ಅವನ ಬೆರಳುಗಳ ಮೇಲಿನ ಮುಳ್ಳುಗೀರು ಕಂಡು ಇಳಿದುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ಸಲೀಸಾಗಿ ದಾಟಿಹೋಗುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು.

ಅಪ್ಪನ ಮುಖ ಸಪ್ಪಗಾಯಿತು. "ನಾನೇ ಬಂದು ಮೇಡಂಗೆ ಹೇಳ್ತೀನಿ ಪುಟ್ಟಿ."

"ಬೇಡಪ್ಪ. ಹಣ್ಣು ಹೇಗೆ ತೊಳೀತಿದ್ದೀಯ ಅಂತ ಕೇಳ್ಬೇಕಾದವಳು ನಾನು."

ಮರುದಿನ ಅವಳು ನಡೆದದ್ದನ್ನು ಹೇಳಿದಾಗ ಮೇಡಂ ಬೈಯಲಿಲ್ಲ. ಹಾಗಂತ ಸಮಾಧಾನದ ಮಾತನ್ನೂ ಆಡಲಿಲ್ಲ. "ಮತ್ತೆ ಮಾಡು. ಏನು ಬರುತ್ತೋ ಅದನ್ನೇ ತೋರಿಸು," ಅಂದರು, ಅಷ್ಟೆ.

ಈ ಸಲ ಬರೀ ನೀರಿನಲ್ಲಿ ತೊಳೆದ ಹಣ್ಣು. ಉಂಗುರ ಬಂತು, ಆದರೆ ದಾರದಷ್ಟು ತೆಳುವಾಗಿ. ಸಮಿತಿಯವರು ಮುಖ ಮುಖ ನೋಡಿಕೊಂಡರು, ನೂರೆಂಟು ಪ್ರಶ್ನೆ ಕೇಳಿದರು, ಕೊನೆಗೆ ಫೆಲೋಶಿಪ್ಪನ್ನು ಆರೇ ತಿಂಗಳ ಮಟ್ಟಿಗೆ ಮುಂದುವರಿಸಿದರು.

ಮನೆಗೆ ಬಂದು ಅವಳು ಮೊಬೈಲಿನಲ್ಲಿ ಹೊಸ ತಟ್ಟೆಯ ಫೋಟೋ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಇಷ್ಟೇನಾ?"

"ಇಷ್ಟೇ. ಆದ್ರೆ ಇದು ಹಣ್ಣಿಂದೇ."

"ನಂದು ಇದಕ್ಕಿಂತ ದೊಡ್ಡದಿತ್ತು," ಎಂದ ಅಪ್ಪ, ಮುಖ ಗಂಟು ಹಾಕಿಕೊಂಡೇ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು.