ಪ್ಲಸ್ ಒಂದು

ಕಿಟಕಿಯ ಮೂಲೆಯಲ್ಲಿ ಚಿಟಿಕೆಯಷ್ಟು ಮಂಜು, ಉಗುರಿನಿಂದ ಕೆರೆದರೂ ಹೋಗದು, ಗಾಜಿನ ಆಚೆ ಬದಿಗಿರಬೇಕು — ಮುಂದಿನ ಸೀಟಿನ ಬೆನ್ನಿಗೆ ಪರದೆ, ಪರದೆಯಲ್ಲಿ ಬೆರಳುದ್ದದ ವಿಮಾನ, ಉಳಿದ ದೂರ ಒಂಬತ್ತು ಸಾವಿರದ ನಾನೂರು ಕಿಲೋಮೀಟರ್, ಉಳಿದ ಸಮಯ ಹನ್ನೊಂದು ಗಂಟೆ, ನನಗೇ ಹೇಳಿಕೊಡುತ್ತದೆ ನೋಡು ಇದು, ಇಪ್ಪತ್ತೆರಡು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ನಾನು ಹೇಳಿದ್ದೇ ಇದಲ್ಲವೇ, ಹನ್ನೆರಡು ಸಾವಿರದ ನಲವತ್ತು ಕಿಲೋಮೀಟರ್ ಸರ್, ನೇರ ವಿಮಾನ, ಹೋಗೋದು ಹದಿನಾಲ್ಕು ಗಂಟೆ, ಬರೋವಾಗ ಎದುರುಗಾಳಿ, ಇನ್ನೊಂದು ಗಂಟೆ ಜಾಸ್ತಿ — ಆ ಊರಿನ ದಾರಿ ನನಗೆ ಬಾಯಿಪಾಠ, ಕಾಲಿಗೆ ಮಾತ್ರ ಗೊತ್ತಿಲ್ಲ, ಅಲ್ಲಿ ಅಕ್ಕ ಇದ್ದಾಳೆ, ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ನನಗೆ ಜಡೆ ಹಾಕುತ್ತಿದ್ದ ಅಕ್ಕ, ಅಲ್ಲಾಡಬೇಡ್ವೇ ಮಂಗ ಎಂದು ತಲೆಗೊಂದು ಮೊಟಕುತ್ತಿದ್ದ ಅಕ್ಕ, ಹಡಗಿನ ಅಡುಗೆಯವನನ್ನು ಮದುವೆಯಾಗಿ ಹೊರಟಾಗ ಹದಿಮೂರರ ನಾನು ಕತ್ತರಿ ತೆಗೆದುಕೊಂಡು ಜಡೆಯನ್ನೇ ಕತ್ತರಿಸಿಕೊಂಡೆ, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದಳು ಅಮ್ಮ, ಕೂದಲೇನೋ ಬಂತು, ಅಕ್ಕ ಬರಲಿಲ್ಲ, ನಾನೂ ಹೋಗಲಿಲ್ಲ, ನಾಲ್ಕು ವರ್ಷದ ಹಿಂದೆ ಬರುತ್ತೇನೆ ಎಂದು ಹೇಳಿ ರಜೆ ಸಿಗದೆ, ಅದನ್ನು ಫೋನಿನಲ್ಲಿ ಹೇಳಲೂ ಧೈರ್ಯ ಸಾಲದೆ ಸುಮ್ಮನಾದೆ, ಅವಳು ವಿಮಾನ ನಿಲ್ದಾಣದಲ್ಲಿ ಇಡೀ ದಿನ ಕಾದಳಂತೆ. ಹೋದ ವಾರ ಫೋನಿನಲ್ಲಿ ಅಂದಳು, ಈ ಸಲ ಬರದಿದ್ರೆ ಇನ್ನು ಕರೆಯಲ್ಲ ಕಣೇ, ನನ್ನ ಮಂಡಿಗೂ ವಯಸ್ಸಾಯ್ತು. ಬಂದೇ ಬರ್ತೀನಿ ಅಕ್ಕಾ, ಬುಧವಾರ, ಬೆಳಿಗ್ಗೆ ಆರಕ್ಕೆ. ಹಾಗಾದ್ರೆ ಸ್ವೆಟರ್ ತರ್ತೀನಿ, ಅರಿಶಿನ ಬಣ್ಣದ್ದು, ನಾನೇ ಹೆಣೆದಿದ್ದು, ಚೀಲದಲ್ಲಿಡಲ್ಲ, ತೊಡೆ ಮೇಲೇ ಇಟ್ಕೊಂಡಿರ್ತೀನಿ, ಬಂದ ತಕ್ಷಣ ಹಾಕ್ಕೋ, ನಿಂಗೆ ಶೀತ ಬೇಗ.

ಗಗನಸಖಿ ಕಾಗದವೊಂದನ್ನು ಕೊಟ್ಟು ಹೋದಳು, ಅಲ್ಲಿ ಇಳಿದಾಗ ಕೊಡಬೇಕಾದ್ದು, ವಿಮಾನದ ನಂಬರು ಬರೆಯಬೇಕು, ಟಿಕೆಟ್ ಎಲ್ಲಿ, ಇಲ್ಲಿದೆ, ಹೊರಡುವುದು ಬುಧವಾರ ಬೆಳಿಗ್ಗೆ ಹತ್ತು, ತಲುಪುವುದು ಬೆಳಿಗ್ಗೆ ಆರು, ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ ಪ್ಲಸ್ ಒಂದು — ಪ್ಲಸ್ ಒಂದು, ಅಂದರೆ ಮರುದಿನ, ಅಂದರೆ ಗುರುವಾರ, ಅಯ್ಯೋ, ಎಷ್ಟು ಸಾವಿರ ಜನರ ಟಿಕೆಟ್ಟಿನಲ್ಲಿ ಇದಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿಕೊಟ್ಟಿದ್ದೇನೆ, ಮನೆಯವರಿಗೆ ದಿನ ಸರಿಯಾಗಿ ಹೇಳಿ ಅಮ್ಮಾ, ಎಲ್ರೂ ಇಲ್ಲೇ ತಪ್ಪೋದು, ನನ್ನ ಟಿಕೆಟ್ಟಿಗೆ ಸುತ್ತು ಹಾಕುವವರು ಯಾರು, ದೀಪದ ಬುಡದಲ್ಲೇ ಕತ್ತಲು, ಹತ್ತಕ್ಕೆ ಹೊರಟವಳು ಅದೇ ದಿನ ಆರಕ್ಕೆ ಹೇಗೆ ಇಳಿಯುತ್ತೀಯೇ ಪೆದ್ದೀ, ಖುಷಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಬೆಳಿಗ್ಗೆ ಹೊರಡುವ ಮುಂಚೆ ಅವಳ ಮನೆಗೆ ಫೋನ್ ಮಾಡಿದ್ದೆ, ಬಡಿದುಕೊಂಡೇ ಬಡಿದುಕೊಂಡಿತು, ಅಲ್ಲಿ ಮಧ್ಯಾಹ್ನ ಎರಡು, ಮಲಗಿರಬೇಕು ಎಂದುಕೊಂಡೆ, ಮಲಗಿರಲಿಲ್ಲ, ಮನೆಯಲ್ಲೇ ಇರಲಿಲ್ಲ, ಮೊಬೈಲ್ ಮುಟ್ಟುವವಳಲ್ಲ, ಈಗ ಅಲ್ಲಿ ಸಂಜೆ ಏಳು, ನಿಲ್ದಾಣದಲ್ಲಿ ಆರರಿಂದ ಕಾಯುತ್ತಾ ಹದಿಮೂರು ಗಂಟೆಯಾಯಿತು, ಎದ್ದು ಹೋಗಿರಲಿ, ಆ ಮಂಡಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಾಳು, ಇಲ್ಲ, ಹೋಗದಿರಲಿ, ಹೋದರೆ ಇನ್ನು ಕರೆಯುವುದಿಲ್ಲ, ಅಕ್ಕಾ, ಬರ್ತಿದ್ದೀನಿ ಕಣೇ, ಗಾಳಿಯಲ್ಲಿದ್ದೀನಿ, ಒಂಬತ್ತು ಸಾವಿರದ ಮುನ್ನೂರ ಎಂಬತ್ತು, ಎಪ್ಪತ್ತು, ಬೆರಳುದ್ದದ ವಿಮಾನ ಅಲ್ಲಾಡುವುದೇ ಇಲ್ಲ, ಅಲ್ಲಿ ಗಾಜಿನ ಬಾಗಿಲು ತೆರೆಯುತ್ತದೆ, ಯಾರೋ ಬರುತ್ತಾರೆ, ನಾನಲ್ಲ, ಮತ್ತೆ ತೆರೆಯುತ್ತದೆ, ನಾನಲ್ಲ, ಅವಳ ತೊಡೆಯ ಮೇಲೆ ಅರಿಶಿನ ಬಣ್ಣದ ಸ್ವೆಟರ್